ಮೊದಲು ಕಾಣುವ ಮುಖ

ಸಿದ್ದಾಪುರದ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ಮಲಯಾಳಂ, ಕೊಡವ, ತಮಿಳು ಎಲ್ಲವೂ ಕಿವಿಗೆ ಬೀಳುತ್ತವೆ. ಇಂಥ ಊರಿನಲ್ಲಿ ಕತೆ ಬರೆಯುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ಆದರೂ ಕಾಫಿ ತೋಟದ ಲೈನ್‌ಮನೆಯ ತಾಯಿಯೊಬ್ಬಳ ಬಗ್ಗೆ ಬರೆಯಲು ಕುಳಿತಾಗ ನನ್ನ ಕಣ್ಣ ಮುಂದೆ ಮೊದಲು ಬಂದು ನಿಂತದ್ದು ಸಿನಿಮಾದ ತಾಯಿ. ಸೆರಗಿನಿಂದ ಕಣ್ಣೊರೆಸಿಕೊಂಡು, ಉದ್ದನೆಯ ಮಾತೊಂದನ್ನು ಹೇಳಿ ಕುಸಿಯುವವಳು. ನಾನು ಕಂಡ ತಾಯಂದಿರು ಹಾಗೆ ಅತ್ತವರಲ್ಲ. ಅವರು ಕಾಫಿ ಕುಯ್ಯುತ್ತಲೇ ಬೈಯುತ್ತಾರೆ, ಬೈಯುತ್ತಲೇ ನಗುತ್ತಾರೆ.

ಹಾಗೆಂದು ಜನಪ್ರಿಯ ಮನರಂಜನೆಯನ್ನು ಕೀಳೆಂದು ತಳ್ಳಿಬಿಡುವುದು ಪ್ರಾಮಾಣಿಕತೆಯಾಗದು. ಕೇಳುಗನನ್ನು ಹಿಡಿದು ಕೂರಿಸುವ ವಿದ್ಯೆಯನ್ನು ನಾವು ಕಲಿತದ್ದು ಮಾಪಿಳ್ಳೆ ಹಾಡುಗಳಿಂದ, ಮದುವೆ ಮನೆಯ ಒಪ್ಪನೆಯಿಂದ, ಸಿನಿಮಾದಿಂದ. ಕೊಡಗಿನ ಕಾದಂಬರಿಕಾರ ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ, ‘ಹುಲಿಯ ಹಾಲಿನ ಮೇವು’ 1979ರಲ್ಲಿ ಚಲನಚಿತ್ರಗಳಾದವು. ಪುಸ್ತಕ ಮುಟ್ಟದವರಿಗೂ ಆ ಕತೆಗಳು ತಲುಪಿದ್ದು ಹಾಗೆಯೇ.

ತೊಂದರೆ ಇರುವುದು ಸಿದ್ಧ ಮುಖಗಳಲ್ಲಿ. ನಮ್ಮ ಸಿನಿಮಾಗಳ ಮುಸ್ಲಿಮನನ್ನೇ ನೋಡಿ: ತಲೆಗೆ ಟೋಪಿ, ಬಾಯಲ್ಲಿ ಒಡಕು ಕನ್ನಡ. ಒಂದೋ ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯ, ಇಲ್ಲವೇ ಖಳ. ಬೇರೆಯವರು ಹೀಗೆ ಚಿತ್ರಿಸುತ್ತಾರೆಂದು ದೂರುವ ನಾವೇ ಅವಸರದಲ್ಲಿ ಬರೆದಾಗ ಇದೇ ಅಚ್ಚಿಗೆ ಜಾರುತ್ತೇವೆ.

ಒಳ್ಳೆಯ ಸಿನಿಮಾಕ್ಕೂ ಒಂದು ಮುಖ ಬೇಕೇ ಬೇಕು. ಬಾನು ಮುಷ್ತಾಕರ ‘ಕರಿ ನಾಗರಗಳು’ ಕತೆಯನ್ನು ಗಿರೀಶ ಕಾಸರವಳ್ಳಿಯವರು 2004ರಲ್ಲಿ ತೆರೆಗೆ ತಂದಾಗ ಚಿತ್ರದ ಹೆಸರು ‘ಹಸೀನಾ’ ಎಂದಾಯಿತು. ತಾರಾ ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಅದು ನ್ಯಾಯವಾದದ್ದೇ. ಆದರೆ ಹೆಸರಿನ ಈ ಬದಲಾವಣೆಯನ್ನು ಗಮನಿಸಬೇಕು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ನ್ಯಾಯ ಕೇಳಿ ಮಸೀದಿಯಲ್ಲಿ ಕುಳಿತ ಕತೆಯಿದು. ಅದರ ಮೂಲ ಶೀರ್ಷಿಕೆ ಒಬ್ಬಳ ಹೆಸರಲ್ಲ. ಮುತವಲ್ಲಿಗೆ ಮೊಹಲ್ಲಾದ ಹೆಂಗಸರು ಹಾಕುವ ಶಾಪ. ಚಿತ್ರ ನಮಗೆ ಕೊಟ್ಟದ್ದು ನೊಂದವಳ ಮುಖ. ಕತೆ ಕೊಟ್ಟದ್ದು ಒಂದು ಬೀದಿಯ ದನಿ. ‘ಹಸೀನಾ’ ನೋಡಿ ಕತೆ ಬರೆಯಲು ಹೊರಡುವ ಹೊಸಬರಿಗೆ ಮುಖ ಬೇಗ ಸಿಗುತ್ತದೆ, ದನಿ ಸಿಗುವುದಿಲ್ಲ. ಅದಕ್ಕೆ ಬೀದಿಯಲ್ಲಿ ನಿಂತು ಕಿವಿ ಕೊಡಬೇಕು.

ಆ ದನಿಗೆ ತೆರೆಯ ಹಂಗಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಬಾನು ಅವರ ಹನ್ನೆರಡು ಕತೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಈ ಕತೆಯೂ ಅದರಲ್ಲಿದೆ. ಮೊಹಲ್ಲಾದ ಶಾಪ ಯಾವ ನಟಿಯ ನೆರವೂ ಇಲ್ಲದೆ, ಬರಿಯ ಮಾತಾಗಿ, ಅಷ್ಟು ದೂರ ನಡೆಯಿತು.

ನೋಡಿದ್ದನ್ನು ಮರೆತು ಬರೆಯುವುದು ಯಾರಿಗೂ ಸಾಧ್ಯವಿಲ್ಲ, ಮರೆಯಬೇಕೆಂದೂ ಇಲ್ಲ. ಮೊದಲು ಬಂದ ಮುಖವನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಎರಡನೆಯವಳಿಗೆ ಕಾಯುವ ತಾಳ್ಮೆಯಿದ್ದರೆ ಸಾಕು. ನನ್ನ ಲೈನ್‌ಮನೆಯ ತಾಯಿಗಾಗಿ ನಾನಿನ್ನೂ ಕಾಯುತ್ತಿದ್ದೇನೆ. ಅವಳ ಬೈಗುಳವಂತೂ ಈಗೀಗ ಕೇಳಿಸತೊಡಗಿದೆ.