ಪೀಣ್ಯದ ಲೇತು, ಯೆಜ್ಡಿಯ ಬ್ರೇಕು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಅಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್ ಬೈಕುಗಳು ಇನ್ನೂ ಓಡುತ್ತಿವೆ. ಇಂಜಿನ್ನಿನ ಹುರುಪಿಗೆ ಹಳೆಯ ಡ್ರಮ್ ಬ್ರೇಕು ಸಾಲದೆಂದು ಕೆಲವರು ಬೇರೆ ಬೈಕಿನ ಮುಂದಿನ ಫೋರ್ಕು, ಡಿಸ್ಕು, ಕ್ಯಾಲಿಪರ್ ತಂದು ಕೂರಿಸುತ್ತಾರೆ. ಬೇರಿಂಗು, ಆಕ್ಸಲ್ ಯಾವುದೂ ಸಲೀಸಾಗಿ ಹೊಂದುವುದಿಲ್ಲ. ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪಿನ ಟರ್ನರ್ ವರ್ನಿಯರ್ ಹಿಡಿದು ಅಳೆದು, ಲೇತಿನಲ್ಲಿ ಅದಕ್ಕೆಂದೇ ಬುಶ್ ಕಡೆದುಕೊಡುತ್ತಾನೆ. ಡಿಸ್ಕು ಕ್ಯಾಲಿಪರಿನ ನಟ್ಟನಡುವೆ ತಿರುಗಬೇಕು, ಎರಡೂ ಚಕ್ರ ಒಂದೇ ಗೆರೆಯಲ್ಲಿರಬೇಕು. ಮಾಸ್ಟರ್ ಸಿಲಿಂಡರ್ ಅಳತೆ ತಪ್ಪಿದರೆ ಲಿವರ್ ಕಲ್ಲಾಗುತ್ತದೆ, ಇಲ್ಲವೇ ಹ್ಯಾಂಡಲ್ಲಿಗೇ ಬಂದು ತಾಗುತ್ತದೆ. ಫೋರ್ಕು ಗಿಡ್ಡವಾದರೆ ಗಾಡಿ ತಿರುವಿನಲ್ಲಿ ಚುರುಕು, ನೇರ ದಾರಿಯಲ್ಲಿ ಚಂಚಲ. ಮೂಲ ಭಾಗಗಳನ್ನೇ ಉಳಿಸುವವರ ಮೇಲೆ ನನಗೆ ಗೌರವವಿದೆ. ಆದರೂ ತುಮಕೂರು ರಸ್ತೆಯ ಲಾರಿಗಳ ನಡುವೆ ಓಡುವ ಗಾಡಿಗೆ ಒಳ್ಳೆಯ ಬ್ರೇಕೇ ಮೇಲು. ಅದರಲ್ಲೂ ಫ್ರೇಮು ಕತ್ತರಿಸದೆ, ಹಳೆಯ ಫೋರ್ಕು ಮತ್ತೆ ಕೂರುವಂತೆ ಮಾಡಿದ ಕೆಲಸವೆಂದರೆ ನನಗೆ ಪ್ರಾಣ.