ದೇವರು ಮೆಚ್ಚಿದರೆ ಸಾಕೇ?

ಪ್ರವಚನದಲ್ಲಿ, ಮನೆಯ ಜಗಲಿಯಲ್ಲಿ, ಬೆಳಗಾದರೆ ಬರುವ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಜನ ಏನಾದರೂ ಅಂದುಕೊಳ್ಳಲಿ, ದೇವರು ಮೆಚ್ಚಿದರೆ ಸಾಕು. ಈ ಮಾತನ್ನು ನಾನು ನಂಬುತ್ತೇನೆ. ಮನುಷ್ಯನ ಬೆಲೆ ಕಟ್ಟುವ ಅಧಿಕಾರ ನೆರೆಹೊರೆಗಾಗಲಿ, ಬಂಧುಬಳಗಕ್ಕಾಗಲಿ ಇಲ್ಲವೆಂದು ತಿಳಿಯುವುದು ದೊಡ್ಡ ಬಿಡುಗಡೆ. ಆದರೆ ಈ ಮಾತಿಗೆ ನಾವು ಅಂಟಿಸಿಕೊಂಡಿರುವ ಅರ್ಥದ ಬಗ್ಗೆ ನನಗೆ ತಕರಾರಿದೆ. ದೇವರನ್ನು ನೆಚ್ಚಿದವರು ಜನರ ಮಾತಿಗೆ ಕಿವಿ ಮುಚ್ಚಿಕೊಂಡಿರಬಹುದು ಎಂದೇ ಬಹುಪಾಲು ಮಂದಿ ತಿಳಿದಿದ್ದಾರೆ. ಅದಕ್ಕೆ ಶರಣರನ್ನೂ ದಾಸರನ್ನೂ ಸಾಕ್ಷಿಗೆ ಕರೆಯುತ್ತಾರೆ. ಆ ಸಾಕ್ಷಿಗಳನ್ನು ಸಮಾಧಾನದಿಂದ ಕೇಳಿದರೆ ಅವರು ಹೇಳುವುದೇ ಬೇರೆ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆಯನ್ನೇ ನೋಡೋಣ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಇವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ ಜಂಗಮರಿಗೆ ಬಡಿಸಿ ಉಣ್ಣುವುದು ಇಬ್ಬರ ನಿತ್ಯದ ಬದುಕು. ಇವರ ನಿಷ್ಠೆಯನ್ನು ಪರೀಕ್ಷಿಸಲು ಬಸವಣ್ಣ ಒಂದು ದಿನ ಅಂಗಳದಲ್ಲಿ ಹೆಚ್ಚು ಅಕ್ಕಿ ಚೆಲ್ಲಿಸಿದನೆಂದೂ, ಮಾರಯ್ಯ ಅದನ್ನೆಲ್ಲ ಆಯ್ದು ಮನೆಗೆ ತಂದನೆಂದೂ ಪರಂಪರೆ ಹೇಳುತ್ತದೆ. ಗಂಟಿನ ಗಾತ್ರ ಕಂಡ ಕೂಡಲೇ ಲಕ್ಕಮ್ಮ ತಡೆದಳು. ಇದು ಬಸವಣ್ಣನ ಮನಸ್ಸಿನ ಸಂಶಯವೋ ನಿಮ್ಮ ಮನಸ್ಸಿನ ಆಸೆಯೋ ಎಂದು ಗಂಡನನ್ನು ಕೇಳಿದಳು. ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ತಮಗೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯ ಮರುಮಾತಾಡದೆ ಹೋಗಿ ಸುರಿದು ಬಂದ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಲಕ್ಕಮ್ಮನ ಆಸೆಯಿಲ್ಲದ ಮನಸ್ಸಿಗಾಗಿ ಕೊಂಡಾಡುತ್ತೇವೆ. ಅದು ಸರಿ. ಆ ಅಕ್ಕಿ ಬಂದದ್ದು ಅರಸ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಮನೆಯಿಂದ, ಕಲ್ಯಾಣವೆಲ್ಲ ಗೌರವಿಸುವ ಅಣ್ಣನ ಅಂಗಳದಿಂದ. ಅಂಥ ಮನೆಯ ಔದಾರ್ಯ ತಮ್ಮ ಕಡೆ ಹರಿದಾಗಲೂ ಆಕೆ ಉಬ್ಬಲಿಲ್ಲ. ಆದರೆ ನನ್ನ ಕಣ್ಣು ಹೋಗುವುದು ಮಾರಯ್ಯನ ಮೇಲೆ. ಹೆಂಡತಿ ತಪ್ಪು ತೋರಿಸಿದಾಗ ಅವನು, ನನ್ನ ಭಕ್ತಿ ಏನೆಂದು ಶಿವನಿಗೆ ಗೊತ್ತು, ನೀನು ಯಾರು ಕೇಳಲು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೊಗಳಿಕೆಯ ಹಂಗಿಲ್ಲದವನಿಗೆ ತಿದ್ದುವ ಮಾತು ಭಾರವಾಗುವುದಿಲ್ಲ. ತನ್ನ ಬೆಲೆ ಇನ್ನೊಬ್ಬರ ಬಾಯಲ್ಲಿದೆ ಎಂದು ನಂಬಿದವನಿಗೆ ಮಾತ್ರ ಒಂದು ಟೀಕೆಯಿಂದ ಇಡೀ ಬಾಳೇ ಕುಸಿದಂತಾಗುತ್ತದೆ. ಮೆಚ್ಚುಗೆ ಬೇಡವೆನ್ನುವುದೂ ತಿದ್ದುಪಡಿ ಬೇಡವೆನ್ನುವುದೂ ಒಂದೇ ಅಲ್ಲ. ಇವೆರಡನ್ನೂ ಬೆರೆಸಿಬಿಟ್ಟಿರುವುದೇ ಇಂದಿನ ಜನಪ್ರಿಯ ತಿಳುವಳಿಕೆಯ ದೊಡ್ಡ ದೋಷ.

ಅಕ್ಕಮಹಾದೇವಿಯ ವಿಷಯದಲ್ಲೂ ಇದೇ ಆಗಿದೆ. ಉಡುತಡಿಯಲ್ಲಿ ಕೌಶಿಕನ ಅರಮನೆಯನ್ನೂ ಲೋಕದ ಉಡುಗೆಯನ್ನೂ ಬಿಟ್ಟು ಹೊರಟ ಅಕ್ಕ, ಯಾರಿಗೂ ಉತ್ತರ ಕೊಡಬೇಕಿಲ್ಲದ ಸ್ವತಂತ್ರ ಹೆಣ್ಣಾಗಿ ಈಗ ಭಿತ್ತಿಚಿತ್ರಗಳಲ್ಲಿ, ಭಾಷಣಗಳಲ್ಲಿ ನಿಂತಿದ್ದಾಳೆ. ಆದರೆ ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಜೋಡಿಸಿದ ‘ಶೂನ್ಯಸಂಪಾದನೆ’ಯ ಪರಂಪರೆ ಕಾಣಿಸುವ ಅಕ್ಕ ಬೇರೆ. ಅಲ್ಲಿ ಅವಳು ಕಲ್ಯಾಣದ ಶರಣರ ಮುಂದೆ ನಿಲ್ಲುತ್ತಾಳೆ. ಅಲ್ಲಮನ ಪ್ರಶ್ನೆಗಳಲ್ಲಿ ಕರುಣೆಯ ಲೇಪವಿಲ್ಲ. ಎಲ್ಲ ಬಿಟ್ಟೆನೆನ್ನುವವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದೂ ಕೇಳುತ್ತಾನೆ. ಚೆನ್ನಮಲ್ಲಿಕಾರ್ಜುನನೇ ಒಪ್ಪಿರುವಾಗ ನೀವು ಕೇಳುವುದೇನು ಎಂದು ಅಕ್ಕ ಎದ್ದು ಹೋಗುವುದಿಲ್ಲ. ಒಂದೊಂದು ಪ್ರಶ್ನೆಗೂ ನಿಂತು ಉತ್ತರಿಸುತ್ತಾಳೆ. ಕಂಡವರಿಗೆ ನೋವಾದೀತೆಂಬ ಭಾವದಿಂದ ಮುಚ್ಚಿಕೊಂಡೆ ಎನ್ನುವ ಉತ್ತರ ನನ್ನನ್ನು ಬಹಳ ಕಾಡಿದೆ. ಲೋಕದ ಮೆಚ್ಚುಗೆಯನ್ನು ಪೂರ್ತಿ ತೊರೆದವಳೇ ಎದುರಿಗಿರುವವರ ನೋವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾಳೆ. ಕೌಶಿಕ ಬಯಸಿದ್ದು ಅವಳು ತನ್ನವಳಾಗಬೇಕೆಂದು. ಅದನ್ನು ಅವಳು ನಿರಾಕರಿಸಿದಳು. ಶರಣರು ಬಯಸಿದ್ದು ಅವಳ ನಡೆನುಡಿ ಒಂದಾಗಿದೆಯೇ ಎಂದು ತಿಳಿಯಲು. ಅದಕ್ಕೆ ಅವಳು ತನ್ನನ್ನು ಒಡ್ಡಿಕೊಂಡಳು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ದೇವರು ಮೆಚ್ಚಿದರೆ ಸಾಕು ಎಂಬ ಉಪದೇಶ ಅವಮಾನಿತರ ಬಾಯಿ ಮುಚ್ಚಿಸಲು ಬಳಕೆಯಾಗಿಲ್ಲವೇ? ಖಂಡಿತ ಆಗಿದೆ. ಕನಕದಾಸರಿಗೆ ಉಡುಪಿಯಲ್ಲಿ ಬಾಗಿಲಿನಿಂದ ಪ್ರವೇಶ ಸಿಗಲಿಲ್ಲ, ಕೃಷ್ಣನೇ ಅವರ ಕಡೆ ತಿರುಗಿದ ಎಂಬ ಐತಿಹ್ಯ ಕನ್ನಡಿಗರಿಗೆಲ್ಲ ಗೊತ್ತು. ಕನಕನ ಕಿಂಡಿಯ ಮುಂದೆ ಇಂದಿಗೂ ಜನ ಕೈಮುಗಿದು ನಿಲ್ಲುತ್ತಾರೆ. ಕಥೆ ಕೇಳಿ ಕಣ್ಣು ತುಂಬಿಕೊಳ್ಳುವ ನಾವು, ದೇವರು ತಿರುಗಿದ ಮೇಲೆ ಇನ್ನೇನು ಬೇಕು ಎಂದು ಅಲ್ಲಿಗೇ ಮುಗಿಸಿಬಿಡುತ್ತೇವೆ. ಬಾಗಿಲಲ್ಲಿ ತಡೆದವರ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ದೇವರು ಆ ಭಕ್ತನ ಕಡೆ ತಿರುಗಿದ್ದು ನಿಜವೆಂದು ನಂಬುವವರು, ಅವನನ್ನು ತಡೆದದ್ದು ದೇವರಿಗೆ ಎದುರಾದ ಕೆಲಸವೆಂದೂ ಒಪ್ಪಬೇಕು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲಾಗದು.

ಆದ್ದರಿಂದ ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಲೇಬೇಕು. ಅವಮಾನ ಉಂಡವರು ತಾವಾಗಿ, ನನ್ನ ಬೆಲೆ ನಿಮ್ಮ ಕೈಯಲ್ಲಿಲ್ಲ ಎಂದರೆ ಅದರಲ್ಲಿ ಬೆಂಕಿಯಿದೆ. ಮರ್ಯಾದೆ ಕೊಡಬೇಕಾದವರೇ ಕೊಡದೆ, ನಿನಗೆ ದೇವರಿದ್ದಾನಲ್ಲ ಎಂದರೆ ಅದು ಕ್ರೌರ್ಯ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾದಾಗ, ಆ ಎರಡು ಕುಟುಂಬಗಳು ದೇವರ ಮುಂದೆ ನಾವೆಲ್ಲ ಸಮ ಎಂಬ ನೆಮ್ಮದಿಯನ್ನು ಎದೆಯಲ್ಲಿ ಮುಚ್ಚಿಟ್ಟುಕೊಳ್ಳಲಿಲ್ಲ. ಬೀದಿಯಲ್ಲಿ ನಡೆದು ತೋರಿಸಿದರು. ಅದಕ್ಕೆ ಪ್ರಾಣ ತೆತ್ತರೆಂದು ಪರಂಪರೆ ನೆನೆಯುತ್ತದೆ. ದೇವರು ಕೊಟ್ಟ ಬೆಲೆ ಅವರಿಗೆ ಸಹಿಸಿಕೊಳ್ಳುವ ಔಷಧವಾಗಲಿಲ್ಲ, ಎದ್ದು ನಿಲ್ಲುವ ನೆಲವಾಯಿತು.

ಇನ್ನು ದೇವರ ಹೆಸರಿನಲ್ಲೇ ಜನಮೆಚ್ಚುಗೆ ಹುಡುಕುವ ನಮ್ಮ ರೂಢಿ. ಊರ ಗುಡಿಗೆ ಹೋದರೆ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ದಾನಿಯ ಹೆಸರು, ಗಂಟೆಯ ಅಂಚಿನಲ್ಲಿ ಇನ್ನೊಬ್ಬರದು, ಕಾಲಿಟ್ಟು ಹತ್ತುವ ಮೆಟ್ಟಿಲ ಮೇಲೂ ಕೆತ್ತಿದ ಅಕ್ಷರ. ಜಾತ್ರೆಯ ದಿನ ತೇರಿಗಿಂತ ಮೊದಲು ಕಾಣುವುದು ಫ್ಲೆಕ್ಸು. ಹಳೆಯ ದಾನಶಾಸನಗಳಲ್ಲೂ ಹೆಸರಿತ್ತಲ್ಲ ಎನ್ನಬಹುದು. ಇತ್ತು, ಕೀರ್ತಿಯ ಆಸೆಯೂ ಅಲ್ಲಿ ಇರಲಿಲ್ಲವೆನ್ನಲಾರೆ. ಆದರೆ ಭೂಮಿಯ ಎಲ್ಲೆ ಬರೆದು, ದಾನವನ್ನು ಕೆಡಿಸಿದವರಿಗೆ ಶಾಪ ಹಾಕುವ ಆ ಕಲ್ಲುಗಳಿಗೆ ಕೊಟ್ಟದ್ದನ್ನು ಕಾಯುವ ಕೆಲಸವೂ ಇತ್ತು. ಟ್ಯೂಬ್‌ಲೈಟಿನ ಮೇಲಿನ ಹೆಸರು ಏನನ್ನೂ ಕಾಯುವುದಿಲ್ಲ. ಕೊಟ್ಟವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ದೇವರ ಎದುರಿಗೆ ನಿಂತಾಗಲೂ ನಾವು ಅಕ್ಕಪಕ್ಕದವರ ಕಣ್ಣನ್ನೇ ನೋಡುತ್ತಿದ್ದೇವೆ ಎಂಬ ಸಂಕಟ ನನ್ನದು. ಹೀಗಿರುವಾಗ ಜನ ಏನಾದರೂ ಅಂದುಕೊಳ್ಳಲಿ ಎಂಬ ಮಾತು ಟೀಕೆ ಬಂದಾಗ ಮಾತ್ರ ನಮ್ಮ ನೆನಪಿಗೆ ಬರುತ್ತದೆ. ಹೊಗಳಿಕೆ ಬಂದಾಗ ಬರುವುದಿಲ್ಲ.

ಹಾಗಾದರೆ ಒಬ್ಬರು ದೇವರಲ್ಲಿ ತಮ್ಮ ಬೆಲೆ ಕಂಡುಕೊಂಡಿದ್ದಾರೆಂದು ತಿಳಿಯುವುದು ಹೇಗೆ? ಲಕ್ಕಮ್ಮನಂತೆ ಹೆಚ್ಚಿನದನ್ನು ಹಿಂದಿರುಗಿಸಬಲ್ಲರೇ, ಮಾರಯ್ಯನಂತೆ ಮನೆಯವರ ಮಾತಿಗೆ ತಿದ್ದಿಕೊಳ್ಳಬಲ್ಲರೇ, ಅಕ್ಕನಂತೆ ಕಠಿಣ ಪ್ರಶ್ನೆಗೆ ನಿಂತು ಉತ್ತರಿಸಬಲ್ಲರೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಇತರರಿಗೆ ಕೈಬಿಚ್ಚಿ ಗೌರವ ಕೊಡುತ್ತಾರೆಯೇ ಎಂದು ನೋಡಬೇಕು. ಮೆಚ್ಚುಗೆಗೆ ಹಸಿದವರು ಇನ್ನೊಬ್ಬರನ್ನು ಮೆಚ್ಚಲು ಲೆಕ್ಕ ಹಾಕುತ್ತಾರೆ. ಆ ಹಸಿವು ತೀರಿದವರಿಗೆ ಲೆಕ್ಕವಿಲ್ಲ. ಮನೆಗೆಲಸಕ್ಕೆ ಬರುವ ಹೆಂಗಸಿಗೆ, ತರಗತಿಯಲ್ಲಿ ಹಿಂದುಳಿದ ಹುಡುಗನಿಗೆ, ತಮಗೆ ಏನೂ ಮಾಡಿಕೊಡಲಾಗದವರಿಗೆ ಅವರು ಧಾರಾಳವಾಗಿ ಬೆಲೆ ಕೊಡುತ್ತಾರೆ. ದೇವರು ಮೆಚ್ಚಿದರೆ ಸಾಕು ಎಂಬ ಮಾತನ್ನು ನಮ್ಮ ವಿಷಯದಲ್ಲಿ ನಂಬೋಣ. ಇತರರ ವಿಷಯದಲ್ಲಿ, ದೇವರು ಮೆಚ್ಚಿದವರನ್ನು ನಾವು ಮೆಚ್ಚದಿರುವುದು ಹೇಗೆ ಎಂದು ಕೇಳಿಕೊಳ್ಳೋಣ.