ಕುಂಡದೊಳಗಿನ ಗಿಂಕ್ಗೊ

ಪೈನ್ ಮರವನ್ನು ತಂತಿ ಸುತ್ತಿ ಬಾಗಿಸುವ ಜಪಾನಿನ ಬೋನ್ಸಾಯ್ ಕಲಾವಿದರು ಗಿಂಕ್ಗೊ ಮರದ ಎದುರು ತುಸು ತಗ್ಗುತ್ತಾರೆ. ಇದರ ಕೊಂಬೆಗಳು ಮೇಲಕ್ಕೇ ಹೊರಡುತ್ತವೆ. ಹಾಗಾಗಿ ದೀಪದ ಕುಡಿಯಂತೆ ಕೆಳಗೆ ಉಬ್ಬಿ ತುದಿಯಲ್ಲಿ ಚೂಪಾಗುವ ಆಕಾರವನ್ನೇ ಇದಕ್ಕೆ ಕೊಡುತ್ತಾರೆ. ದಪ್ಪ ಕೊಂಬೆ ಕಡಿದರೆ ಗಾಯ ಸುಲಭಕ್ಕೆ ಮುಚ್ಚದು; ಕತ್ತರಿ ಹಿಡಿದವರಿಗೆ ಮುಂದಾಲೋಚನೆ ಬೇಕು. ಡೈನೋಸಾರ್ ಕಾಲದ ಪಳೆಯುಳಿಕೆಗಳಲ್ಲೂ ಕಾಣುವ ಇದರ ಬೀಸಣಿಗೆಯಾಕಾರದ ಎಲೆಯೂ ಕುಂಡಕ್ಕೆ ತಕ್ಕಷ್ಟು ಕಿರಿದಾಗಲು ಒಪ್ಪುವುದಿಲ್ಲ. ಬೇಸಿಗೆಯಲ್ಲಿ, ನಿಜ ಹೇಳಬೇಕೆಂದರೆ, ಅಂಥ ಚೆಲುವೇನೂ ಇಲ್ಲ.

ಶರತ್ಕಾಲದಲ್ಲಿ ನೋಡಬೇಕು: ಇಡೀ ಮರ ಅಪ್ಪಟ ಹಳದಿ! ಪ್ರದರ್ಶನಕ್ಕಿಡುವವರು ಕಾಯುವುದು ಅದಕ್ಕೇ. ಆಮೇಲೆ ಎಲೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಉದುರುತ್ತವೆ. ನನಗಂತೂ ಆ ಬೋಳು ಮರವೇ ಹೆಚ್ಚು ಇಷ್ಟ. ಹಳೆಯ ಕಾಂಡದಿಂದ ಇಳಿಬಿದ್ದ ಗಂಟುಗಳು, ಜಪಾನೀಯರು ‘ಚಿಚಿ’ ಎನ್ನುವಂಥವು, ಆಗಲೇ ಪೂರ್ತಿ ಕಾಣುವುದು. ರಸಭರಿತ ಬೇರು ಹೆಪ್ಪುಗಟ್ಟಿದರೆ ಕೆಡುತ್ತದೆಂದು ಕೊರೆಯುವ ಚಳಿಯಲ್ಲಿ ಕುಂಡವನ್ನು ಮರೆಗೆ ಒಯ್ಯುತ್ತಾರೆ.